ಹಳಿಗಿಂತ ಮೊದಲೇ ಹುಟ್ಟಿದ ಊರು

ಮುಂಬಯಿಯ ಭೂಪಟವನ್ನು ಒಮ್ಮೆಯಾದರೂ ಬಿಡಿಸಿ ನೋಡಿದವರಿಗೆ ಆ ನಗರದ ಕಷ್ಟದ ಮೂಲ ಥಟ್ಟನೆ ಹೊಳೆಯುತ್ತದೆ. ದಕ್ಷಿಣಕ್ಕೆ ಚಾಚಿದ ಕಿರಿದಾದ ನಾಲಗೆಯಂಥ ನೆಲ. ಅದರ ಮೂರು ಕಡೆಗೂ ನೀರು. ಕಚೇರಿಗಳು, ಬ್ಯಾಂಕುಗಳು, ಬಂದರು, ನ್ಯಾಯಾಲಯ ಎಲ್ಲವೂ ನಾಲಗೆಯ ತುದಿಯಲ್ಲಿ. ಅಲ್ಲಿ ದುಡಿಯುವವರ ಮನೆಗಳು ಮಾತ್ರ ಉತ್ತರಕ್ಕೆ, ವರ್ಷ ವರ್ಷಕ್ಕೂ ಇನ್ನಷ್ಟು ಉತ್ತರಕ್ಕೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ನಮ್ಮ ದೇಶದ ಮೊದಲ ಪ್ರಯಾಣಿಕರ ಗಾಡಿ ಸಾಗಿದ್ದು ಈ ಉದ್ದನೆಯ ದಿಕ್ಕಿನಲ್ಲಿಯೇ. 1925ರ ಫೆಬ್ರವರಿ 3ರಂದು ವಿದ್ಯುತ್ ಗಾಡಿ ಕುರ್ಲಾದ ಕಡೆಗೆ ಓಡಿದ ಮೇಲಂತೂ ನಗರವು ಹಳಿಯನ್ನೇ ಬೆನ್ನೆಲುಬು ಮಾಡಿಕೊಂಡು ಬೆಳೆಯಿತು. ಬೆಳಿಗ್ಗೆ ತೆಂಕಣಕ್ಕೆ ಬರುವ ಗಾಡಿಗಳಲ್ಲಿ ಕಾಲಿಡಲು ಸ್ಥಳವಿಲ್ಲ. ಅದೇ ಗಾಡಿಗಳು ಬಡಗಣಕ್ಕೆ ಹಿಂದಿರುಗುವಾಗ ಆಸನಗಳು ಬರಿದು. ಸಂಜೆ ಇದರ ತಿರುವುಮುರುವು. ಲಕ್ಷಾಂತರ ಜನ ದಿನದ ಮೂರು ನಾಲ್ಕು ಗಂಟೆಗಳನ್ನು ಕಂಬಿ ಹಿಡಿದು ನಿಂತು ಕಳೆಯುವ ಈ ಏರ್ಪಾಟನ್ನು ಯಾರೂ ಯೋಚಿಸಿ ಮಾಡಲಿಲ್ಲ. ಅದು ತಾನಾಗಿ ಆಯಿತು.

ಇಂದು ನಾನು ಮಾತನಾಡಹೊರಟಿರುವುದು ಯೋಚಿಸಿ ಮಾಡಿದ ಒಂದು ಏರ್ಪಾಟನ್ನು ಕುರಿತು. ಅದರ ಹಿಂದಿರುವ ಪ್ರಶ್ನೆ ಕೇಳುವುದಕ್ಕೆ ಬಹಳ ಸರಳವಾದದ್ದು: ರೈಲು ನಿಲ್ದಾಣದ ಪಕ್ಕದಲ್ಲಿ ಯಾರು ವಾಸಿಸಬೇಕು? ಹಣವುಳ್ಳವನಿಗೆ ನಿಲ್ದಾಣ ಹತ್ತಿರವಿದ್ದರೂ ದೂರವಿದ್ದರೂ ಅಂಥ ವ್ಯತ್ಯಾಸವಿಲ್ಲ; ಅವನಿಗೆ ಕಾರು ಇದೆ. ತಿಂಗಳ ಪಾಸಿನ ದುಡ್ಡನ್ನೇ ಎಣಿಸಿ ಎಣಿಸಿ ಕೂಡಿಡುವವನಿಗೆ ಮಾತ್ರ ನಿಲ್ದಾಣದಿಂದ ಮನೆಗೆ ನಡೆದು ಹೋಗಬಹುದೋ, ಇಲ್ಲ ಬಸ್ಸಿಗೂ ರಿಕ್ಷಾಕ್ಕೂ ಇನ್ನಷ್ಟು ತೆರಬೇಕೋ ಎಂಬುದು ಸಂಸಾರದ ಲೆಕ್ಕವನ್ನೇ ಬದಲಿಸುವ ಮಾತು. ಆದರೆ ಲೋಕದ ರೂಢಿ ಇದಕ್ಕೆ ಇದಿರಾಗಿದೆ. ನಿಲ್ದಾಣ ಬಂದೊಡನೆ ಪಕ್ಕದ ನೆಲದ ಬೆಲೆ ಏರುತ್ತದೆ. ಬೆಲೆ ಏರಿದೊಡನೆ ಯಾರಿಗೆ ನಿಲ್ದಾಣ ಅತ್ಯಗತ್ಯವೋ ಅವರೇ ದೂರಕ್ಕೆ ಸರಿಯುತ್ತಾರೆ. ಇದನ್ನು ತಡೆಯುವ ಬಗೆ ಇದೆಯೇ?

ಮುಂಬಯಿಯಲ್ಲಿ ಬಡವರಿಗೆ ಸರ್ಕಾರವೇ ಮನೆ ಕಟ್ಟಿಸಿದ ಕಥೆ ಹಳೆಯದು. 1896ರಲ್ಲಿ ಪ್ಲೇಗು ಹೊಕ್ಕು ಊರನ್ನು ನಡುಗಿಸಿದ ಮೇಲೆ, 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ಅದು ಇಕ್ಕಟ್ಟಿನ ಗಲ್ಲಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ತೆಗೆಯಿತು, ದಾದರ್-ಮಾಟುಂಗಾ ಕಡೆ ಹೊಸ ಬಡಾವಣೆಗಳನ್ನು ರೂಪಿಸಿತು. ನಮ್ಮ ಕರಾವಳಿಯ ಹೋಟೆಲಿನವರಿಗೆ, ಮೈಸೂರು ಸೀಮೆಯ ಗುಮಾಸ್ತರಿಗೆ ಮಾಟುಂಗಾ ಎರಡನೆಯ ತವರಾದದ್ದು ಆ ಬಡಾವಣೆಗಳಿಂದಾಗಿಯೇ. 1920ರ ದಶಕದಲ್ಲಿ ಅಭಿವೃದ್ಧಿ ಇಲಾಖೆ ವರಳಿ, ನಾಯಗಾಂವ್, ಡಿಲೈಲ್ ರಸ್ತೆ, ಶಿವಡಿ ಈ ನಾಲ್ಕು ಕಡೆ 207 ಚಾಳುಗಳನ್ನು ಕಟ್ಟಿಸಿತು. ಕುಟುಂಬಕ್ಕೊಂದು ಖೋಲಿ; ಖೋಲಿಯ ವಿಸ್ತಾರ ಸುಮಾರು 160 ಚದರಡಿ. ಹೊಸತರಲ್ಲಿ ಅನೇಕ ಖೋಲಿಗಳಿಗೆ ಬಾಡಿಗೆದಾರರೇ ಬರಲಿಲ್ಲ. ವರಳಿಯ ಚಾಳುಗಳನ್ನು ಕೆಲಕಾಲ ಸತ್ಯಾಗ್ರಹಿಗಳನ್ನು ಕೂಡಿಹಾಕುವ ಬಂದೀಖಾನೆಯಾಗಿ ಬಳಸಿದ್ದೂ ಉಂಟು. ಬಡವನಿಗೆ ಬೇಕಾದದ್ದು ನಾಲ್ಕು ಗೋಡೆ ಒಂದು ಸೂರು ಅಷ್ಟೇ ಎಂದು ಬಗೆದವರಿಗೆ ಇದು ವಿಸ್ಮಯವಾಗಿ ಕಂಡಿರಬೇಕು. ಅವನಿಗೆ ಕೆಲಸದ ಬಾಗಿಲಿಗೆ ನಡೆದು ಹೋಗುವಂತಿರಬೇಕು. ಬಾಡಿಗೆ ತೆತ್ತ ಮೇಲೆ ಜೋಳಕ್ಕೂ ಎಣ್ಣೆಗೂ ಕಾಸು ಉಳಿಯಬೇಕು. ಮನೆ ಎಂಬುದು ಇವೆರಡರ ನಡುವಣ ಮಾತು.

ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿಯ ಜನಸಂಖ್ಯೆ ಯಾವ ಅಂದಾಜಿಗೂ ನಿಲುಕದೆ ಬೆಳೆಯಿತು. 1958ರಲ್ಲಿ ಎಸ್. ಜಿ. ಬರ್ವೆಯವರ ನೇತೃತ್ವದಲ್ಲಿ ನೇಮಕವಾದ ಅಧ್ಯಯನ ಮಂಡಲಿ ಠಾಣೆಯ ಖಾರಿಗೆ ಅಡ್ಡಲಾಗಿ ಸೇತುವೆ ಕಟ್ಟಿ, ನಗರವನ್ನು ಆಚೆಯ ದಡಕ್ಕೆ ಹರಡಲು ಸೂಚಿಸಿತು. ಅನಂತರ 1965ರಲ್ಲಿ ಮುಲ್ಕ್‌ರಾಜ್ ಆನಂದರು ಸಂಪಾದಿಸುತ್ತಿದ್ದ 'ಮಾರ್ಗ್' ಎಂಬ ಕಲಾಪತ್ರಿಕೆಯಲ್ಲಿ ಮೂವರು ತರುಣರು ಒಂದು ಸಲಹೆಯನ್ನು ಮುಂದಿಟ್ಟರು. ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ ಮತ್ತು ಪ್ರವೀಣಾ ಮೆಹ್ತಾ, ಎಂಜಿನಿಯರ್ ಶಿರೀಷ್ ಪಟೇಲ್ - ಇವರೇ ಆ ಮೂವರು. ಊರಿನ ಭವಿಷ್ಯವನ್ನು ಕುರಿತ ಯೋಜನೆ ಸಚಿವಾಲಯದ ಕಡತದಲ್ಲಿ ಹುಟ್ಟದೆ ಕಲಾಪತ್ರಿಕೆಯ ಪುಟದಲ್ಲಿ ಹುಟ್ಟಿತೆಂಬುದು ನನಗೆ ಇಂದಿಗೂ ಪ್ರಿಯವಾದ ಸಂಗತಿ. ಅವರು ಹೇಳಿದ್ದಿಷ್ಟು: ನಾಲಗೆಯ ತುದಿಯನ್ನೇ ಇನ್ನೂ ಉದ್ದ ಮಾಡುತ್ತ ಕೂರಬೇಡಿ. ಬಂದರಿನ ನೀರನ್ನು ನಡುವೆ ಇಟ್ಟುಕೊಂಡು ಆಚೆಯ ದಡದಲ್ಲಿ ಇನ್ನೊಂದು ನಗರವನ್ನು ಕಟ್ಟಿ. ಅದು ಮನೆಗಳ ನಗರ ಮಾತ್ರವಾಗದೆ ಕೆಲಸಗಳ ನಗರವೂ ಆಗಲಿ. ಆಗ ಉದ್ದನೆಯ ಊರು ಉಂಗುರದಂತಾಗುತ್ತದೆ. ಗಾಡಿಗಳು ಎರಡೂ ದಿಕ್ಕಿಗೆ ತುಂಬಿ ಓಡುತ್ತವೆ.

ಅರ್ಥಶಾಸ್ತ್ರಜ್ಞ ಡಿ. ಆರ್. ಗಾಡಗೀಳರ ಸಮಿತಿಯ ವರದಿ 1966ರಲ್ಲಿ ಬಂತು. 1970ರ ಮಾರ್ಚ್ 17ರಂದು ಮಹಾರಾಷ್ಟ್ರ ಸರ್ಕಾರ ಈ ಕೆಲಸಕ್ಕೆಂದೇ ಒಂದು ನಿಗಮವನ್ನು ಸ್ಥಾಪಿಸಿತು. ಅದರ ಉದ್ದನೆಯ ಹೆಸರನ್ನು ಯಾರೂ ಹೇಳುವುದಿಲ್ಲ. ಎಲ್ಲರೂ ಕರೆಯುವುದು ಸಿಡ್ಕೊ ಎಂದೇ. ಜೆ. ಬಿ. ಡಿಸೋಜ ಅದರ ಆಡಳಿತದ ಮುಖ್ಯಸ್ಥರಾದರು; ಕೊರಿಯಾ ಮೊದಲ ಕೆಲವು ವರ್ಷ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು; ಯೋಜನೆ ಹಾಗೂ ಕಾಮಗಾರಿಯ ಹೊಣೆ ಪಟೇಲರದು. ಪತ್ರಿಕೆಯಲ್ಲಿ ಟೀಕೆ ಬರೆದವರನ್ನೇ ಕರೆದು ಕೆಲಸ ಒಪ್ಪಿಸುವ ಉದಾರತೆ ನಮ್ಮ ಸರ್ಕಾರಗಳಲ್ಲಿ ಅಪರೂಪ. 344 ಚದರ ಕಿಲೋಮೀಟರ್ ನೆಲ, ಸುಮಾರು 95 ಹಳ್ಳಿಗಳು. ಭತ್ತದ ಗದ್ದೆ, ಉಪ್ಪಿನಾಗರ, ಖಾರಿಯ ಅಂಚಿನ ಕೆಸರು, ಹಿಂದೆ ಪಾರಸಿಕದ ಬೆಟ್ಟ. ಆಗ್ರಿ ರೈತರು, ಕೋಳಿ ಬೆಸ್ತರು ತಲೆತಲಾಂತರದಿಂದ ಬದುಕಿದ ನೆಲ ಅದು. ಅವರ ಮಾತಿಗೆ ಮುಂದೆ ಬರುತ್ತೇನೆ.

1973ರಲ್ಲಿ ಪ್ರಕಟವಾದ ಕರಡು ಯೋಜನೆಯನ್ನು ನೋಡಿದರೆ ಅದರ ಅಂತರಂಗ ಹಳಿಯಲ್ಲಿದೆ ಎಂಬುದು ಸ್ಪಷ್ಟ. ಒಂದೇ ದೊಡ್ಡ ಪೇಟೆಯ ಸುತ್ತ ಬೆಳೆಯುವ ನಗರ ಅವರಿಗೆ ಬೇಡವಾಗಿತ್ತು. ಸಮೂಹ ಸಾರಿಗೆಯ ದಾರಿಯುದ್ದಕ್ಕೂ, ದಾರದಲ್ಲಿ ಪೋಣಿಸಿದ ಮಣಿಗಳಂತೆ, ಹಲವಾರು ಚಿಕ್ಕ ಊರುಗಳು: ವಾಶಿ, ಸಾನಪಾಡಾ, ನೆರೂಳ್, ಬೇಲಾಪುರ, ಖಾರಘರ್, ಪನ್ವೇಲಿನವರೆಗೆ. ಪ್ರತಿ ಮಣಿಯ ನಡುವೆ ನಿಲ್ದಾಣ. ಅದರ ಸುತ್ತ ಅಂಗಡಿ ಕಚೇರಿಗಳು. ಅದನ್ನು ಬಳಸಿ ಒತ್ತಾದ ವಸತಿ. ಹೊರಕ್ಕೆ ಹೋದಂತೆ ವಿರಳವಾದ ವಸತಿ. ಅಗಸ, ಗುಮಾಸ್ತ, ಅಧಿಕಾರಿ ಎಲ್ಲರಿಗೂ ಅದೇ ಮಣಿಯೊಳಗೆ ಮನೆ. ಮಕ್ಕಳು ಹೋಗುವ ಶಾಲೆ ಒಂದೇ, ತರಕಾರಿ ಕೊಳ್ಳುವ ಮಾರುಕಟ್ಟೆ ಒಂದೇ ಆಗಿರಬೇಕೆಂಬ ಆಸೆ.

ಇದಕ್ಕೆ ಹಣ ಎಲ್ಲಿಂದ? ಈ ಯೋಜನೆಯ ಜಾಣತನವೂ ಅದರ ಪಾಪವೂ ಈ ಒಂದು ಪ್ರಶ್ನೆಯ ಉತ್ತರದಲ್ಲಿ ಅಡಗಿವೆ. ಸರ್ಕಾರ ಕೊಟ್ಟದ್ದು ಬೀಜಕ್ಕೆ ಸಾಲುವಷ್ಟು ಹಣ. ಉಳಿದದ್ದನ್ನು ನೆಲದಿಂದಲೇ ಎತ್ತಬೇಕು. ಗದ್ದೆಯ ಬೆಲೆಗೆ ನೆಲವನ್ನು ಕೊಳ್ಳುವುದು. ರಸ್ತೆ, ನೀರು, ಹಳಿ ತಂದು ಅದನ್ನು ಪಟ್ಟಣದ ನೆಲವಾಗಿ ಮಾಡುವುದು. ಏರಿದ ಬೆಲೆಗೆ ಮಾರುವುದು. ಬಂದ ಲಾಭದಿಂದ ಮತ್ತೆ ರಸ್ತೆ, ಮತ್ತೆ ಹಳಿ. ನಿಲ್ದಾಣದ ಎದುರಿನ ಅಂಗಡಿಯ ನಿವೇಶನವನ್ನು ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಕೊಟ್ಟು, ಅದರ ಮಿಗತೆಯಿಂದ ಬಡವನ ನಿವೇಶನವನ್ನು ಅಸಲಿಗಿಂತ ಕಡಿಮೆಗೆ ಕೊಡುವುದು. ಖಾಸಗಿ ಒಡೆಯರ ಕೈಯಲ್ಲಿ ನೆಲವಿದ್ದಿದ್ದರೆ ನಿಲ್ದಾಣ ತಂದ ಲಾಭವೆಲ್ಲ ಅವರ ತಿಜೋರಿಗೆ ಹೋಗುತ್ತಿತ್ತು. ಇಲ್ಲಿ ಅದು ಊರಿಗೇ ಹಿಂದಿರುಗುತ್ತದೆ. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಲೆಕ್ಕ ಸಿಗುವುದು ಕಷ್ಟ.

ಆದರೆ ಹಳಿ ಬರಲಿಲ್ಲ. ಹೊಳೆಗೆ ಸೇತುವೆ ಬಂತು, ಬಸ್ಸು ಬಂತು. ರೈಲು ಮಾತ್ರ ಇಲ್ಲ. ಜನರಿಲ್ಲದ ಊರಿಗೆ ಗಾಡಿ ಓಡಿಸುವುದು ಹೇಗೆ ಎಂದು ರೈಲ್ವೆಯವರ ತರ್ಕ. ಗಾಡಿಯಿಲ್ಲದ ಊರಿಗೆ ಹೋಗುವುದು ಹೇಗೆ ಎಂದು ಜನರ ತರ್ಕ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ. ಕೊನೆಗೆ ಸಿಡ್ಕೊ ವೆಚ್ಚದ ಮೂರರಲ್ಲಿ ಎರಡು ಪಾಲನ್ನು ತಾನೇ ಹೊರಲು ಒಪ್ಪಿತು. ಒಂದು ಪಾಲು ರೈಲ್ವೆಯದು. ಪ್ರಯಾಣಿಕರ ಟಿಕೆಟ್ಟಿನ ಮೇಲೂ ಹೆಚ್ಚುವರಿ ಸುಂಕ ಬಿತ್ತು. ಮಾನಖುರ್ದದಿಂದ ಖಾರಿಯನ್ನು ದಾಟಿ ವಾಶಿಗೆ ಮೊದಲ ಗಾಡಿ ಬಂದದ್ದು 1992ರ ಮೇ ತಿಂಗಳಲ್ಲಿ. ಬೇಲಾಪುರಕ್ಕೆ 1993ರಲ್ಲಿ, ಪನ್ವೇಲಿಗೆ 1998ರಲ್ಲಿ. ಹಳಿಯನ್ನೇ ಬೆನ್ನೆಲುಬೆಂದು ಬಗೆದು ಬರೆದ ಚಿತ್ರಕ್ಕೆ ಇಪ್ಪತ್ತು ವರ್ಷ ಬೆನ್ನೆಲುಬಿರಲಿಲ್ಲ. 1991ರ ಹೊತ್ತಿಗೆ 20 ಲಕ್ಷ ಜನ ಇರಬೇಕೆಂದು ಅಂದಾಜು ಮಾಡಿದ್ದ ನಗರದಲ್ಲಿ, ಮಹಾನಗರಪಾಲಿಕೆಯ ಪ್ರದೇಶದಲ್ಲಿ ಆ ವರ್ಷ ಇದ್ದವರು ಸುಮಾರು 3 ಲಕ್ಷ. ಗಾಡಿ ಬಂದ ಮೇಲೆ 2001ರಲ್ಲಿ ಅದೇ ಸಂಖ್ಯೆ 7 ಲಕ್ಷ. 2011ರಲ್ಲಿ 11 ಲಕ್ಷವನ್ನು ಮೀರಿತು. ಹಳಿಯ ಮಹಿಮೆಗೆ ಬೇರೆ ಸಾಕ್ಷಿ ಬೇಡ.

ಬರದೆ ಹೋದ ಇನ್ನೊಂದು ಇದೆ, ಸರ್ಕಾರ. ಸಚಿವಾಲಯವೇ ಆಚೆಯ ದಡಕ್ಕೆ ಹೋಗಬೇಕು, ಆಗ ಕಚೇರಿಗಳೆಲ್ಲ ಹಿಂಬಾಲಿಸುತ್ತವೆ ಎಂಬುದು ಕೊರಿಯಾ ಮೊದಲಾದವರ ನಂಬಿಕೆಯಾಗಿತ್ತು. ಸರ್ಕಾರ ಮಾಡಿದ್ದೇನು? ಹೊಸ ನಗರವನ್ನು ಘೋಷಿಸಿದ ಅದೇ ಕೈಯಿಂದ ಹಳೆಯ ನಗರದ ತುದಿಯಲ್ಲಿ ಕಡಲನ್ನು ತುಂಬಿಸಿ, ನರಿಮನ್ ಪಾಯಿಂಟಿನಲ್ಲಿ ಗಗನಚುಂಬಿ ಕಚೇರಿಗಳಿಗೆ ಅಪ್ಪಣೆ ಕೊಟ್ಟಿತು. ಬೇಲಾಪುರಕ್ಕೆ ಬಂದದ್ದು ಕೊಂಕಣ ವಿಭಾಗದ ಕಚೇರಿಗಳ ಒಂದು ಭವನ ಮಾತ್ರ. ಸಗಟು ಮಾರುಕಟ್ಟೆಗಳು ಬಂದವು: ಈರುಳ್ಳಿ ಆಲೂಗಡ್ಡೆ ವಾಶಿಗೆ, ಕಬ್ಬಿಣ ಕಳಂಬೋಲಿಗೆ. ಹಮಾಲಿಗೆ ಬಂದ ಕೆಲಸ ಮಂತ್ರಿಗೆ ಬರಲಿಲ್ಲ ಎಂದು ಹೇಳಿ ಈ ಅಧ್ಯಾಯವನ್ನು ಮುಗಿಸಬಹುದು.

ಬೇಲಾಪುರದ ಇನ್ನೊಂದು ಸಂಗತಿಯನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಎಲ್ಲ ಬಗೆಯ ವರಮಾನದವರು ಒಂದೇ ನೆರೆಯಲ್ಲಿ ಇರಬಹುದೇ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಮಣ್ಣು ಗಾರೆಯಲ್ಲಿ ಬರೆದ ಉತ್ತರ ಅದು. 1983ರಿಂದ 1986ರೊಳಗೆ, ಸಿಡ್ಕೊ ನೌಕರಿಯನ್ನು ಬಿಟ್ಟು ಎಷ್ಟೋ ಕಾಲವಾಗಿದ್ದ ಕೊರಿಯಾ, ಅದೇ ಸಂಸ್ಥೆಗಾಗಿ ಪಾರಸಿಕದ ಬೆಟ್ಟದ ತಪ್ಪಲಿನಲ್ಲಿ, ನಗರ ಕೇಂದ್ರದಿಂದ ಎರಡು ಕಿಲೋಮೀಟರ್ ದೂರದಲ್ಲಿ ಒಂದು ವಸತಿಯನ್ನು ರಚಿಸಿದರು. ಜನ ಅದನ್ನು ಆರ್ಟಿಸ್ಟ್ಸ್ ವಿಲೇಜ್ ಎಂದು ಕರೆಯುತ್ತಾರೆ. ಸುಮಾರು ಐದೂವರೆ ಹೆಕ್ಟೇರ್ ನೆಲ, 550 ಸಂಸಾರ. ಲಿಫ್ಟಿಲ್ಲ, ಗೋಪುರವಿಲ್ಲ, ಇಳಿಜಾರು ಮಾಡಿನ ಗಿಡ್ಡ ಮನೆಗಳು, ಸುಣ್ಣ ಬಳಿದ ಗೋಡೆಗಳು. ಹಾಗಿದ್ದೂ ಶಾಲೆ, ಬಯಲು ಎಲ್ಲ ಸೇರಿ ಹೆಕ್ಟೇರಿಗೆ 500 ಜನ. ಒತ್ತೊತ್ತಾಗಿ ಬಾಳಲು ಆಕಾಶಕ್ಕೆ ಏರಲೇಬೇಕು ಎನ್ನುವವರು ಈ ಸಂಖ್ಯೆಯನ್ನು ಗಮನಿಸಬೇಕು.

ಏಳು ಮನೆಗಳು ಒಂದು ಅಂಗಳದ ಸುತ್ತ. ಅಂಗಳದ ಅಳತೆ ಎಂಟು ಮೀಟರ್‌ಗೆ ಎಂಟು ಮೀಟರ್; ಹೆಂಗಸರು ಹಪ್ಪಳ ಒಣಗಿಸಲು, ಮಕ್ಕಳು ಕುಂಟಾಬಿಲ್ಲೆ ಆಡಲು ಸಾಕಾದಷ್ಟು. ಇಂಥ ಮೂರು ಗುಂಪು ಸೇರಿ ಇಪ್ಪತ್ತೊಂದು ಮನೆಗೆ ಇನ್ನೊಂದು ದೊಡ್ಡ ಅಂಗಳ, ಹನ್ನೆರಡಕ್ಕೆ ಹನ್ನೆರಡು. ಅಂಥವು ಮೂರು ಸೇರಿ ಇನ್ನೂ ದೊಡ್ಡ ಬಯಲು. ನಡುವೆ ಮಳೆಗಾಲದಲ್ಲಿ ಹರಿಯುವ ಹಳ್ಳ. ನಮ್ಮ ತೊಟ್ಟಿಮನೆಯ ತತ್ತ್ವವನ್ನೇ ಕೇರಿಯ ಅಳತೆಗೆ ಹಿಗ್ಗಿಸಿದಂತೆ ನನಗೆ ಕಂಡಿತು. ಯಾವ ಮನೆಯೂ ಪಕ್ಕದ ಮನೆಯೊಡನೆ ಗೋಡೆಯನ್ನು ಹಂಚಿಕೊಳ್ಳುವುದಿಲ್ಲ. ಇದಕ್ಕೆ ಕಾರಣ ಸೊಗಸಲ್ಲ, ಬೆಳವಣಿಗೆ. ಕೈಯಲ್ಲಿ ನಾಲ್ಕು ಕಾಸು ಸೇರಿದಾಗ ಯಜಮಾನ ನೆರೆಯವನ ಅನುಮತಿಯಿಲ್ಲದೆ ಇನ್ನೊಂದು ಕೋಣೆ ಏರಿಸಬಹುದು. ಊರಿನ ಗಾರೆಯವನೂ ಬಡಗಿಯೂ ಕಟ್ಟಬಲ್ಲ ಮನೆ. ದೊಡ್ಡ ಗುತ್ತಿಗೆದಾರನ ಹಂಗಿಲ್ಲ.

ಎಲ್ಲಕ್ಕಿಂತ ಮಿಗಿಲಾದದ್ದು ನಿವೇಶನಗಳ ಅಳತೆ. ಮನೆಗಳ ಬೆಲೆ 20 ಸಾವಿರ ರೂಪಾಯಿಯಿಂದ ಮೊದಲಾಗಿ ಒಂದು ಲಕ್ಷದ 80 ಸಾವಿರದವರೆಗೆ ಇತ್ತು, ಎಂದರೆ ಒಂದಕ್ಕೆ ಒಂಬತ್ತು. ನಿವೇಶನ ಮಾತ್ರ 45 ಚದರ ಮೀಟರ್‌ನಿಂದ 75ರವರೆಗೆ. ಒಂದಕ್ಕೆ ಎರಡೂ ಇಲ್ಲ. ಸಿರಿವಂತನು ಒಳ್ಳೆಯ ನೆಲಹಾಸನ್ನು ಕೊಳ್ಳಬಹುದು, ಮೇಲುಪ್ಪರಿಗೆ ಕಟ್ಟಬಹುದು; ಆದರೆ ಭೂಮಿಯ ಮೇಲೆ ಬಡವನಿಗಿಂತ ಬಹಳ ಹೆಚ್ಚು ಹರಡಿಕೊಳ್ಳುವಂತಿಲ್ಲ. ನಮ್ಮ ಬೆಂಗಳೂರಿನವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ನಮ್ಮಲ್ಲಿ 20-30ರ ನಿವೇಶನ ಒಬ್ಬನಿಗೆ, 50-80ರ ನಿವೇಶನ ಇನ್ನೊಬ್ಬನಿಗೆ. ಒಂದಕ್ಕೆ ಸುಮಾರು ಏಳರ ಅಂತರ. ಬೇಲಾಪುರದ ಅತಿ ದೊಡ್ಡ ನಿವೇಶನವು ನಮ್ಮ 30-40ರ ನಿವೇಶನದ ಮೂರರಲ್ಲಿ ಎರಡು ಪಾಲು ಮಾತ್ರ. ನಮ್ಮ ಗೃಹಮಂಡಳಿಯ ಬಡಾವಣೆಗಳಲ್ಲಿ ಎಲ್.ಐ.ಜಿ., ಎಂ.ಐ.ಜಿ., ಎಚ್.ಐ.ಜಿ. ಎಂಬ ವರಮಾನದ ಗುರುತುಗಳೇ ಬೀದಿಗಳ ಹೆಸರಾಗಿ ನಿಂತಿವೆ. ವಿಳಾಸ ಕೇಳಿದರೆ ಸಂಬಳ ತಿಳಿಯುವಂಥ ವ್ಯವಸ್ಥೆ! ಬೇಲಾಪುರದಲ್ಲಿ ಒಂದೇ ಅಂಗಳದ ಎದುರುಬದುರು ಬೇರೆ ಬೇರೆ ವರಮಾನದವರು. ಕೊರಿಯಾ ಮುಂದೆ ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ವಿಜ್ಞಾನ ಕೇಂದ್ರವನ್ನು ರಚಿಸಿದಾಗಲೂ ಅಂಗಳವನ್ನು ಬಿಡಲಿಲ್ಲ. ಆದರೆ ವಿಜ್ಞಾನಿಗಳ ಅಂಗಳ ಬೇರೆ, ಇಪ್ಪತ್ತು ಸಾವಿರದ ಮನೆಯವರ ಅಂಗಳ ಬೇರೆ.

ನಾನು ಆ ಕೇರಿಯನ್ನು ನೋಡಿದ್ದು ಅದು ಕಟ್ಟಿ ಬಹಳ ವರ್ಷಗಳಾದ ಮೇಲೆ. ಮೊದಲಿನ ರೂಪದಲ್ಲಿ ಉಳಿದ ಮನೆಗಳನ್ನು ಹುಡುಕಿ ನೋಡಬೇಕಾಯಿತು. ಹೆಚ್ಚಿನವನ್ನು ಕೆಡವಿ ಎರಡು ಮೂರು ಅಂತಸ್ತಿನ ಕಾಂಕ್ರೀಟ್ ಮನೆಗಳನ್ನು ಎಬ್ಬಿಸಿದ್ದಾರೆ. ಕೆಂಪು ಹೆಂಚಿನ ಬದಲು ಚಪ್ಪಟೆ ತಾರಸಿ, ಸುಣ್ಣದ ಬದಲು ಗಾಜು. ಮೊದಲು ಮನೆ ಪಡೆದವರಲ್ಲಿ ಅನೇಕರು ಮಾರಿ ಹೋಗಿದ್ದಾರೆ. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇದನ್ನು ನೋಡಿ ಮರುಗುವುದುಂಟು. ನನಗೆ ಅಷ್ಟು ಮರುಕ ಹುಟ್ಟಲಿಲ್ಲ. ಬೆಳೆಯಲೆಂದೇ ಕಟ್ಟಿದ ಮನೆ ಬೆಳೆದಿದೆ. ಅಂಗಳಗಳು ಮಾತ್ರ ಬಹುಮಟ್ಟಿಗೆ ಹಾಗೆಯೇ ಇವೆ. ಒಂದು ಅಂಗಳದಲ್ಲಿ ತುಳಸೀಕಟ್ಟೆ, ಪಕ್ಕದಲ್ಲಿ ಮೋಟರ್ ಸೈಕಲ್ಲುಗಳ ಸಾಲು. ಚಿಂತೆಗೆ ಕಾರಣವಾದದ್ದು ಬೇರೆ. ಅವನ್ನು ಕೊಂಡವರು ಯಾರು? 1986ರಲ್ಲಿ ಮನೆಗಳು ಮುಗಿದವು, ಗಾಡಿ ಬಂದದ್ದು 1993ರಲ್ಲಿ. ಆ ಏಳು ವರ್ಷ ಬಡವನಾದವನು ದೂರದ ಕೆಲಸಕ್ಕೆ ಬಸ್ಸಿನಲ್ಲಿ ತೂಗಾಡುತ್ತ ಹೋದ. ಗಾಡಿ ಬಂದು ನೆಲಕ್ಕೆ ಬೆಲೆ ಏರಿದಾಗ, ಮಗಳ ಮದುವೆಗೋ ಊರಿನ ಸಾಲಕ್ಕೋ ಮನೆಯನ್ನು ಮಾರಿದ್ದರೆ ಅದನ್ನು ಅವನ ಅವಿವೇಕವೆನ್ನಲು ನಾನು ಸಿದ್ಧನಿಲ್ಲ. ನಿವೇಶನವನ್ನು ಸಮನಾಗಿ ಅಳೆದು ಕೊಡಬಹುದು. ಅದನ್ನು ಉಳಿಸಿಕೊಳ್ಳುವ ಶಕ್ತಿಯನ್ನು ಅಳೆದು ಕೊಡಲು ಬಾರದು.

ಇನ್ನು ನೆಲವನ್ನು ಕಳೆದುಕೊಂಡವರ ಮಾತು. 1894ರ ಭೂಸ್ವಾಧೀನ ಕಾಯಿದೆಯ ಪ್ರಕಾರ ಪರಿಹಾರದ ಲೆಕ್ಕಕ್ಕೆ ಆಧಾರ ಅಧಿಸೂಚನೆ ಹೊರಟ ದಿನದ ಬೆಲೆ. ಅಧಿಸೂಚನೆ 1970ರಲ್ಲಿ; ನೆಲ ಕೈಬಿಡಬೇಕಾದದ್ದು ಎಷ್ಟೋ ವರ್ಷಗಳ ಅನಂತರ. ಅಷ್ಟು ಹೊತ್ತಿಗೆ ಆ ದುಡ್ಡಿನಿಂದ ಅದೇ ತಾಲೂಕಿನಲ್ಲಿ ಬೇರೆ ಗದ್ದೆ ಕೊಳ್ಳುವುದು ಸಾಧ್ಯವಿರಲಿಲ್ಲ. ಹಿಂದೆ ನಾನು ಹೊಗಳಿದ ಆ ನ್ಯಾಯವಾದ ಲೆಕ್ಕವಿದೆಯಲ್ಲ, ಗದ್ದೆಯ ಬೆಲೆಗೆ ಕೊಂಡು ಪಟ್ಟಣದ ಬೆಲೆಗೆ ಮಾರುವ ಲೆಕ್ಕ, ಅದರ ಎರಡು ಬೆಲೆಗಳ ನಡುವಣ ಅಂತರವೇ ಈ ರೈತನ ನಷ್ಟ. ಬಡ ಗುಮಾಸ್ತನಿಗೆ ದೊರೆತ ರಿಯಾಯಿತಿಯನ್ನು ತೆತ್ತವನು ಅಂಗಡಿಯ ಸೇಠನೊಬ್ಬನೇ ಅಲ್ಲ. ಅವನಿಗಿಂತ ಮೊದಲು ಆಗ್ರಿ ರೈತ ತೆತ್ತಿದ್ದ. ಗದ್ದೆಯೊಂದಿಗೆ ಉಪ್ಪಿನಾಗರದ ಕೂಲಿ, ಖಾರಿಯ ಮೀನು ಕೂಡ ಹೋದವು. ಅವಕ್ಕೆ ಯಾವ ಕಾಯಿದೆಯಲ್ಲಿಯೂ ತಕ್ಕ ಬೆಲೆ ಕಟ್ಟಿರಲಿಲ್ಲ.

ಶೇತಕರಿ ಕಾಮಗಾರ್ ಪಕ್ಷದ ನಾಯಕ ಡಿ. ಬಾ. ಪಾಟೀಲರು ಈ ಹಳ್ಳಿಗಳನ್ನು ಒಟ್ಟುಗೂಡಿಸಿದರು. 1984ರ ಜನವರಿ 16 ಮತ್ತು 17ರಂದು ಉರಣ ತಾಲೂಕಿನ ಜಾಸಯಿ ಪ್ರದೇಶದಲ್ಲಿ ಸೇರಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಐವರು ಸತ್ತರು. ಆ ಸಾವಿನ ಮೇಲೆ ನಿಂತು ದೊರೆತದ್ದು ಶೇಕಡ ಹನ್ನೆರಡೂವರೆಯ ಯೋಜನೆ. ಸ್ವಾಧೀನವಾದ ನೆಲದಲ್ಲಿ ಶೇಕಡ 12.5ರಷ್ಟನ್ನು, ರಸ್ತೆ ನೀರು ಬಂದ ನಿವೇಶನವಾಗಿ, ಮೂಲ ಒಡೆಯನಿಗೇ ಹಿಂದಿರುಗಿಸುವುದು. ಅದು ನಿಜವಾಗಿ ಜಾರಿಗೆ ಬಂದದ್ದು 1990ರ ದಶಕದಲ್ಲಿ. 'ಸಾಡೇಬಾರಾ ಟಕ್ಕೆ' ಎಂಬ ಮರಾಠಿ ಮಾತು ಇಂದು ಅಲ್ಲಿಯ ಮಕ್ಕಳಿಗೂ ಗೊತ್ತು. ದೇಶದ ಎಷ್ಟೋ ಕಡೆ ಭೂಮಿ ಕಳೆದುಕೊಂಡವರು ಮುಂದೆ ಇದನ್ನು ಮಾದರಿಯಾಗಿ ತೋರಿಸಿದರು. ಅನೇಕ ಕುಟುಂಬಗಳು ತಮ್ಮ ಪಾಲನ್ನು ಬಿಲ್ಡರುಗಳಿಗೆ ಮಾರಿದವು. ಕೆಲವು ಮನೆ ಕಟ್ಟಿ ಬಾಡಿಗೆಗೆ ಕೊಟ್ಟವು. ಹಳೆಯ ಹಳ್ಳಿಯ ಗಡಿಯೊಳಗೆ, ಗಾಂವಠಾಣದಲ್ಲಿ, ಅಳತೆ ಮೀರಿ ಎದ್ದ ಆ ಇಕ್ಕಟ್ಟಾದ ಬಾಡಿಗೆ ಮನೆಗಳೇ ಈಗ ರಿಕ್ಷಾ ಚಾಲಕರಿಗೆ, ಅಂಗಡಿಯ ಹುಡುಗರಿಗೆ, ಮನೆಗೆಲಸದ ಹೆಂಗಸರಿಗೆ ಆಸರೆ. ಯೋಜಕರು ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗದಲ್ಲಿ ಬಡವರ ಮನೆ ತಾನಾಗಿ ಹುಟ್ಟಿತು. ಅದೂ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ.

ಸಿಡ್ಕೊ ಬಡವರಿಗೆ ಏನೂ ಮಾಡಲಿಲ್ಲ ಎಂದು ಯಾರೂ ತಿಳಿಯಬಾರದು. ಅದು ಕಟ್ಟಿಸಿದ ಮನೆಗಳು ಒಂದು ಲಕ್ಷಕ್ಕೂ ಹೆಚ್ಚು. ಅದರ ಹೇಳಿಕೆಯಂತೆ ಅವುಗಳಲ್ಲಿ ಅರ್ಧದಷ್ಟು ಕಡಿಮೆ ವರಮಾನದವರಿಗೆ. ಆದರೆ ಕಲ್ಲು ಒಡೆದವನಿಗೆ, ಗಾರೆ ಹೊತ್ತವಳಿಗೆ ಕಂತು ಕಟ್ಟುವ ವರಮಾನವೇ ಇರಲಿಲ್ಲ. ತುರ್ಭೆ, ದಿಘಾ ಕಡೆ ಕಾರ್ಖಾನೆಗಳ ಬೆನ್ನಿಗೆ ಎದ್ದ ಜೋಪಡಿಗಳು ಅವರವು. ನೆರೂಳಿನ ಒಂದು ನಾಕಾದಲ್ಲಿ ಬೆಳಗಿನ ಹೊತ್ತು ಕೂಲಿಗೆ ನಿಂತವರ ನಡುವೆ ಕಲಬುರಗಿ ಕಡೆಯ ಕನ್ನಡ ನನ್ನ ಕಿವಿಗೆ ಬಿತ್ತು. ಬುತ್ತಿ ಗಂಟು, ಕೈಯಲ್ಲಿ ಕರಣೆ. ಮಾತನಾಡಿಸಿದಾಗ ಒಬ್ಬ ಹಿರಿಯರು, 'ಈ ಕಡಿ ಮುಗಿಲ್ ಮುಟ್ಟೋ ಮನಿ ನಾವೇ ಕಟ್ಟೇವ್ರೀ. ನಾವ್ ಇರೋದು ಹಳಿ ದಾಟಿ, ಆ ಕಡಿಗಿ' ಎಂದು ಕೈ ತೋರಿಸಿದರು. ಅದೇ ನೆರೂಳಿನಲ್ಲಿ, ವಾಶಿಯಲ್ಲಿ ಮಧ್ಯಮ ವರ್ಗದ ಕನ್ನಡಿಗರೂ ಬಹಳ ಇದ್ದಾರೆ; ಹಳೆಯ ಮುಂಬಯಿಯ ಖೋಲಿಯನ್ನು ಬಿಟ್ಟು ಎರಡು ಕೋಣೆಯ ಮನೆಗೆ ಬಂದವರು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಪನ್ವೇಲಿನಲ್ಲಿ ಹತ್ತಿದರೆ ಮರುದಿನ ಉಡುಪಿಯಲ್ಲಿ ಇಳಿಯಬಹುದಾಯಿತು. ಕರಾವಳಿಯವರ ಪಾಲಿಗೆ ಹೊಸ ಊರಿನ ಬೆಲೆ ಇಮ್ಮಡಿಸಿತು. ಆ ರೈಲ್ವೆಯ ಮುಖ್ಯ ಕಚೇರಿ ಇರುವುದೂ ಬೇಲಾಪುರದಲ್ಲಿಯೇ. ಒಂದೇ ಭಾಷೆಯ ಇಬ್ಬರು, ಒಂದೇ ನಿಲ್ದಾಣದ ಎರಡು ಕಡೆ.

ನಿಲ್ದಾಣಗಳನ್ನಾದರೂ ನೋಡಿ. ವಾಶಿಯ ನಿಲ್ದಾಣದ ನೆತ್ತಿಯ ಮೇಲೆ ಕಂಪ್ಯೂಟರ್ ಕಂಪನಿಗಳ ಕಚೇರಿಗಳು. ಸೀವುಡ್ಸ್ ನಿಲ್ದಾಣ ಒಂದು ದೊಡ್ಡ ಮಾಲಿನ ಹೊಟ್ಟೆಯೊಳಗೆ ಸೇರಿಹೋಗಿದೆ. ಹಳಿಗೆ ಹಣ ಹೂಡಿದ ಸಂಸ್ಥೆ ಅದನ್ನು ಎಲ್ಲಿಂದಲಾದರೂ ಎತ್ತಬೇಕಲ್ಲ ಎಂದರೆ ಉತ್ತರ ಕೊಡುವುದು ಕಷ್ಟ. ಬೆಳಿಗ್ಗೆ ಮುಂಬಯಿಯಿಂದ ಈ ಕಡೆಗೂ ಜನ ಕೆಲಸಕ್ಕೆ ಬರುತ್ತಾರೆ, ಎರಡೂ ದಿಕ್ಕಿಗೆ ತುಂಬಿದ ಗಾಡಿಯ ಕನಸು ಅಷ್ಟರಮಟ್ಟಿಗೆ ನಿಜವಾಯಿತು, ಎಂಬುದೂ ಸತ್ಯ. 148 ಕಿಲೋಮೀಟರ್ ಉಪನಗರ ರೈಲಿಗೆ 2022ರಲ್ಲಿ ಅಡಿಗಲ್ಲು ಹಾಕಿಸಿಕೊಂಡಿರುವ ಬೆಂಗಳೂರಿನಲ್ಲಿ ನಿಲ್ದಾಣಗಳ ಸುತ್ತಣ ನೆಲ ಬಹುಪಾಲು ಆಗಲೇ ಖಾಸಗಿಯವರದು; ಸಿಡ್ಕೊಗೆ ಇದ್ದ ಅನುಕೂಲ ನಮಗಿಲ್ಲ, ಅದು ಮಾಡಿದ ಪಾಪಕ್ಕೂ ಅವಕಾಶವಿಲ್ಲ.

ಇತ್ತೀಚೆಗೆ ಸಿಡ್ಕೊ ತನ್ನ ಮೊದಲ ಮಾತಿಗೆ ಹಿಂದಿರುಗಿದಂತೆ ತೋರುತ್ತದೆ. ಖಾರಘರ್, ಮಾನಸರೋವರ, ಖಾಂದೇಶ್ವರ, ಬಾಮನಡೋಂಗ್ರಿ, ಖಾರಕೋಪರ್ ಮೊದಲಾದ ನಿಲ್ದಾಣಗಳ ಪಕ್ಕದಲ್ಲಿಯೇ, ಕೆಲವೆಡೆ ನಿಲ್ದಾಣದ ಎದುರಂಗಳದಲ್ಲಿಯೇ, ಕಡಿಮೆ ವರಮಾನದವರಿಗೆಂದು ಎತ್ತರದ ಕಟ್ಟಡಗಳು ಎದ್ದಿವೆ. 2024ರ ಅಕ್ಟೋಬರಿನಲ್ಲಿ ಸುಮಾರು 26,000 ಮನೆಗಳಿಗೆ ಅರ್ಜಿ ಕರೆದರು. ಮರುವರ್ಷದ ಆರಂಭದಲ್ಲಿ ಬೆಲೆ ಪ್ರಕಟವಾದಾಗ, ಆರ್ಥಿಕವಾಗಿ ದುರ್ಬಲರ ಮನೆಗಳು 25 ಲಕ್ಷದ ಸುಮಾರಿಗೆ ಆರಂಭವಾದವು. ಕಡಿಮೆ ವರಮಾನದವರ ವರ್ಗದಲ್ಲಿ ಕೆಲವೆಡೆ ಬೆಲೆ 70 ಲಕ್ಷವನ್ನು ದಾಟಿತ್ತು. ಅರ್ಜಿದಾರರು ಗೊಣಗಿದರು, ಸಭೆ ಸೇರಿದರು, ಬೆಲೆ ಇಳಿಸಿರೆಂದು ಕೇಳಿದರು. ಎಪ್ಪತ್ತು ಲಕ್ಷ ಕೊಡಬಲ್ಲವನನ್ನು ಕಡಿಮೆ ವರಮಾನದವನೆಂದು ಕರೆಯುವ ನಿಘಂಟು ಯಾವುದೋ!

ಹಳಿ ಉರಣಕ್ಕೆ ಮುಟ್ಟಿದ್ದು 2024ರ ಜನವರಿ 12ರಂದು. ಅದೇ ತಾಲೂಕಿನಲ್ಲಿ ಗುಂಡು ಹಾರಿದ ದಿನದಿಂದ ನಲವತ್ತು ವರ್ಷಕ್ಕೆ ನಾಲ್ಕು ದಿನ ಕಡಿಮೆ. ಪಾಟೀಲರು 2013ರಲ್ಲಿಯೇ ತೀರಿಕೊಂಡಿದ್ದರು. ಈ ಗಾಡಿಯ ಕವಲು ದಾರಿ ನೆರೂಳಿನಿಂದ ಹೊರಡುತ್ತದೆ. ಮುಂದಿನ ನಿಲ್ದಾಣದ ಹಲಗೆಯ ಮೇಲೆ ಎರಡು ಹೆಸರು ಜೊತೆಯಾಗಿವೆ. ಮೊದಲನೆಯದು ಸೀವುಡ್ಸ್, ವಿದೇಶದಲ್ಲಿ ದುಡಿದವರಿಗೆಂದು ಸಿಡ್ಕೊ ಕಟ್ಟಿಸಿದ ಶ್ರೀಮಂತ ವಸತಿಯ ಹೆಸರು. ಎರಡನೆಯದು ದಾರಾವೆ. ಅದು ಆ ನೆಲದ ಮೇಲೆ ಮೊದಲಿದ್ದ ಹಳ್ಳಿಯ ಹೆಸರು. ಎರಡರ ನಡುವೆ ಒಂದು ಸಣ್ಣ ಅಡ್ಡಗೆರೆ ಇದೆ.